ಎಡಕ್ಕೆ ಎಲೆ, ಬಲಕ್ಕೆ ಬಟ್ಟೆ

ಮಾರ್ಚ್ 9

ಚೂಟಿ ಮಗಳೇ,

ನಿನ್ನ ಕಾಗದ ನಮ್ಮ ಬಟ್ಟೆ ಕಾರ್ಖಾನೆಯ ಗೇಟಿನಲ್ಲೇ ಕೈಗೆ ಸಿಕ್ಕಿತು. ಮೊದಲ ಪುಟ ಓದಿ ಕುಣಿದೆ, ಎರಡನೆಯದು ಓದಿ ಕುಸಿದು ಕುಳಿತೆ. ಗಂಡು ಮಗು, ಮೂಗು ಅಪ್ಪನದು, ಸಿಟ್ಟು ದೊಡ್ಡಮ್ಮನದು, ನಿದ್ದೆಯಲ್ಲೂ ಮೇಲಧಿಕಾರಿಯಂತೆ ಹುಬ್ಬು ಗಂಟಿಕ್ಕಿಕೊಂಡಿರುತ್ತಾನೆ ಎಂದು ಬರೆದಿದ್ದೀಯ. ಹಾಗಿದ್ದರೆ ಸದ್ಯಕ್ಕೆ ಅವನನ್ನು ಸಾಹೇಬರು ಎಂದೇ ಕರೆಯೋಣ.

ಇನ್ನು ಎರಡನೆಯ ಪುಟ. ಹಾಲು ಇಳಿದದ್ದೇ ತಡ ಎದೆ ಕಲ್ಲಾಯಿತು, ನಿನ್ನ ಗಂಡ ಕ್ರೇನಿನಲ್ಲಿ ಎತ್ತುವ ಬಂಡೆಯೇ ಇದಕ್ಕಿಂತ ಮೆತ್ತಗಿರಬೇಕು, ಬಟ್ಟೆ ತಾಗಿದರೂ ಪ್ರಾಣ ಹೋಗುತ್ತದೆ ಎಂದಿದ್ದೀಯ. ಜೊತೆಗೆ ನರ್ಸಮ್ಮ ಹೇಳಿಹೋದ ಮಾತು: ಮಗುವಿನ ತೂಕ ಕಡಿಮೆ, ಕಲ್ಲುಗಣಿಯ ನೀರು ಸುಣ್ಣದ ನೀರು, ಅದರಲ್ಲಿ ಡಬ್ಬಿ ಹಾಲು ಕಲಸಿಕೊಟ್ಟರೆ ಹೊಟ್ಟೆ ಕೆಡುತ್ತದೆ, ತಾಯಿಯ ಹಾಲು ನಿಲ್ಲಲೇಬಾರದು. "ಹಾಲು ನಿಂತುಹೋದರೆ ನಾನೇನು ಮಾಡಲಿ?" ಎಂಬ ಸಾಲನ್ನು ತೊಟ್ಟಿಲಿನ ವರ್ಣನೆಯ ನಡುವೆ ಬಚ್ಚಿಟ್ಟಿದ್ದೀಯ. ನನ್ನ ಕಣ್ಣಿಗೆ ಮೊದಲು ಬಿದ್ದದ್ದೇ ಅದು.

ಹೆದರಬೇಡ. ನಿನ್ನ ಸುತ್ತ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ, ಯಾವುದನ್ನು ನಂಬಲಿ ಎಂದು ಕೇಳಿದ್ದೀಯ. ನಾನು ನಿನ್ನನ್ನು ಸಾಕಿದವಳೇ ಹೊರತು ಹೆತ್ತು ಹಾಲೂಡಿಸಿದವಳಲ್ಲ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟು, ಉಳಿದದ್ದನ್ನೆಲ್ಲ ಕಂಡು ಕೇಳಿ, ಲೈಬ್ರರಿಯ ಪುಸ್ತಕ ತಿರುವಿ ಕಲಿತವಳು. ಹಾಗಾಗಿ ಚಹಾದ ಬಿಡುವಿನಲ್ಲಿ ನಮ್ಮ ಬಣ್ಣದ ವಿಭಾಗದ ತಾಯಂದಿರನ್ನೂ ಅಕ್ಕಪಕ್ಕದ ವಿಭಾಗದವರನ್ನೂ ಗುಡ್ಡೆ ಹಾಕಿ ಕೇಳಿದೆ. ಏನು ಗದ್ದಲ ಅಂತೀಯ!

ನೂಲು ಸುತ್ತುವವಳು, "ಎಲೆಕೋಸಿನ ಎಲೆ ಕಣಮ್ಮ. ತೊಳೆದು ತಣ್ಣಗೆ ಮಾಡಿ ಒಳಗೆ ಇಟ್ಕೊಳ್ಳೋದು, ಬಾಡಿದ್ರೆ ತೆಗೆಯೋದು. ಎಲೆ ಎಲ್ಲಾ ಎಳ್ಕೊಂಡ್ಬಿಡುತ್ತೆ" ಎಂದಳು.

ಪ್ಯಾಕಿಂಗಿನವಳು, "ನಮ್ಮನೇಲಿ ಆಲೂಗಡ್ಡೆ ಬಿಲ್ಲೆ ಮೆತ್ತಿದ್ರು. ಉಪ್ಪು ಖಾರ ಉದುರಿಸೋದೊಂದು ಬಾಕಿ ಇತ್ತು" ಎಂದು ಎಲ್ಲರನ್ನೂ ನಗಿಸಿದಳು.

ಇಸ್ತ್ರಿ ಅಕ್ಕ ಮಾತ್ರ ನಗಲಿಲ್ಲ. "ಎಲೆಗೇನು ಬುದ್ಧಿ ಇದೆಯಾ, ಹಾಲು ಎಳ್ಕೊಳ್ಳೋಕೆ? ತಣ್ಣಗಿದ್ರೆ ಸಾಕು. ಒದ್ದೆ ಬಟ್ಟೆ ಇಟ್ರೂ ಅಷ್ಟೇ" ಎಂದಳು.

ಎಲ್ಲವನ್ನೂ ಕೇಳಿ ನಾನು ಜರಡಿ ಹಿಡಿದದ್ದು ಹೀಗೆ. ನಿನ್ನ ಅತ್ತಿಗೆ ಹೇಳುವಂತೆ ಉದ್ದ ಬಟ್ಟೆಯಿಂದ ಬಿಗಿಯಾಗಿ ಕಟ್ಟುವುದು ಬೇಡವೇ ಬೇಡ. ಕಟ್ಟಿಸಿಕೊಂಡವರೆಲ್ಲ ಕೈ ಮುಗಿದು ಬೇಡ ಎಂದರು. ಬಾಚಣಿಗೆಯಿಂದ ಮೇಲಿಂದ ಕೆಳಗೆ ಎಳೆಯುವ ಅವರ ಇನ್ನೊಂದು ವೈದ್ಯವೂ ಬೇಡ. ಒಳಗಿನ ನಾಳಗಳು ನೂಲಿಗಿಂತ ನವುರಂತೆ. ಬಾಚಣಿಗೆಯನ್ನು ಅತ್ತಿಗೆ ತಮ್ಮ ತಲೆಗೇ ಇಟ್ಟುಕೊಳ್ಳಲಿ. ಪಕ್ಕದ ಮನೆಯವಳು ಹೇಳಿದ ಬಿಸಿ ಶಾಖ, ಮಗುವಿಗೆ ಕುಡಿಸುವ ಮುಂಚೆ ಒಂದು ಗಳಿಗೆಗೆ ಸರಿ, ದಿನವಿಡೀ ಇಟ್ಟರೆ ಊತ ಹೆಚ್ಚುತ್ತದೆ. ಕುಡಿಸುವ ಮುಂಚೆ ಬೆರಳಲ್ಲಿ ಮೃದುವಾಗಿ ಒತ್ತಿ ಸ್ವಲ್ಪ ಹಾಲು ಹಿಂಡಿ ತೆಗೆ, ಮಗುವಿನ ಬಾಯಿಗೆ ಹಿಡಿತ ಸಿಗುವಷ್ಟು.

ಉಳಿದದ್ದು ಎಲೆ ಮತ್ತು ತಣ್ಣೀರು ಬಟ್ಟೆ. ಇಲ್ಲಿ ನನಗೆ ಸಂಶಯ. ಎಷ್ಟೋ ಜನಕ್ಕೆ ಕೆಲವು ದಿನಗಳಲ್ಲಿ ಊತ ತಾನಾಗಿಯೇ ಇಳಿದಿದೆ; ಇಳಿದ ದಿನ ಏನು ಇಟ್ಟುಕೊಂಡಿದ್ದರೋ ಅದಕ್ಕೆ ಪದಕ. ಇವರೆಲ್ಲ ಮಗುವಿಗೆ ಕುಡಿಸುತ್ತಲೂ ಇದ್ದರು, ಅದನ್ನು ಬೇರೆ ಹೇಳಬೇಕಾಗಿಲ್ಲ. ಹಾಗಾದರೆ ಎಲೆ ನಿಜವಾಗಿ ಕೆಲಸ ಮಾಡುತ್ತದೆಯೇ?

ನಮ್ಮಲ್ಲಿ ಎರಡು ಬಣ್ಣದ ಪಾಕಗಳ ನಡುವೆ ಜಗಳ ಬಂದರೆ ಏನು ಮಾಡುತ್ತೇವೆ? ನೀನೇ ಮದುವೆಗೆ ಮುಂಚೆ ನನ್ನ ಪಕ್ಕ ನಿಂತು ಮಾಡಿದವಳು. ಒಂದೇ ಥಾನು ಬಟ್ಟೆಯಿಂದ ಎರಡು ತುಂಡು ಕತ್ತರಿಸಿ, ಎರಡು ತೊಟ್ಟಿಗೆ ಅದ್ದಿ, ಒಂದೇ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತೇವೆ. ಅದನ್ನೇ ಮಾಡು. ಎಡಕ್ಕೆ ಎಲೆ, ಬಲಕ್ಕೆ ತಣ್ಣೀರು ಬಟ್ಟೆ. ಅದಲು ಬದಲು ಮಾಡಬೇಡ. ಗಟ್ಟಿತನ, ನೋವು, ಬಣ್ಣ, ಈ ಮೂರನ್ನು ಮಾತ್ರ ಬರೆ. ಬೇರೆ ಕಥೆ ಸೇರಿಸಿದರೆ ನನಗೆ ಗೊಂದಲವಾಗುತ್ತದೆ.

ಇಸ್ತ್ರಿ ಅಕ್ಕ ಇನ್ನೊಂದು ಮಾತೂ ಹೇಳಿದಳು. ನಿನಗೆ ಸಂಬಂಧಪಟ್ಟದ್ದಲ್ಲ, ಬಿಡು. ಮೊದಲೇ ನೀನು ನೆರಳಿಗೆ ಬೆಚ್ಚುವ ಹುಡುಗಿ.

ಸಾಹೇಬರ ಹಣೆಗೆ ನನ್ನದೊಂದು ಮುತ್ತು.

ನಿನ್ನ ದೊಡ್ಡಮ್ಮ


ಮಾರ್ಚ್ 14

ದೊಡ್ಡಮ್ಮ,

ನಿನ್ನ ಕಾಗದ ರೇಷನ್ ಲಾರಿಯಲ್ಲಿ ಎಲೆಕೋಸಿನ ಮೂಟೆಯ ಮೇಲೆಯೇ ಕುಳಿತು ಬಂತು. ಲಾರಿಯವನಿಗೆ, "ಹಾಗೇ ಒಂದು ಕೋಸೂ ಕೊಡಿ" ಎಂದೆ.

ನೀನು ಹೇಳಿದ ಹಾಗೆಯೇ ಮಾಡುತ್ತಿದ್ದೇನೆ.

ಎಡ (ಎಲೆ): ಗಟ್ಟಿತನ ಅರ್ಧಕ್ಕರ್ಧ ಇಳಿದಿದೆ. ನೋವು ಸಹಿಸಬಹುದು. ಬಣ್ಣ ಮಾಮೂಲು.

ಬಲ (ಬಟ್ಟೆ): ಗಟ್ಟಿ ಹಾಗೇ ಇದೆ. ನೋವು ಇದೆ. ಬಣ್ಣ ಸ್ವಲ್ಪ ಹೊಳಪು, ಹಸಿ ಈರುಳ್ಳಿಯ ಸಿಪ್ಪೆಯ ಹಾಗೆ.

ಅತ್ತಿಗೆ ನನ್ನ ಪಕ್ಕ ನಿಂತು ನೋಡಿ, "ಏನೇ ಇದು, ಒಂದು ಕಡೆ ತರಕಾರಿ ಅಂಗಡಿ, ಇನ್ನೊಂದು ಕಡೆ ಲಾಂಡ್ರಿ!" ಎಂದರು. ನಕ್ಕರೆ ನೋಯುತ್ತದೆ, ಆದರೂ ನಕ್ಕೆ. ಬಾಚಣಿಗೆಯ ಬಗ್ಗೆ ನೀನು ಬರೆದದ್ದನ್ನು ಅವರಿಗೆ ಓದಿ ಹೇಳಲಿಲ್ಲ.

ಸಾಹೇಬರು ಕ್ಷೇಮ. ಎಡಗಡೆಯ ಆಫೀಸಿನಲ್ಲೇ ಬೀಡುಬಿಟ್ಟಿರುತ್ತಾರೆ.

ನಿನ್ನ ಹತ್ತಿರ ಇನ್ನೊಂದು ವಿಷಯ ಕೇಳಬೇಕೆಂದಿದ್ದೆ. ನೀನು ಮೂರೇ ಬರೆ ಎಂದಿದ್ದೀಯಲ್ಲ, ಇರಲಿ. ಲಾರಿ ಹಾರ್ನ್ ಹೊಡೆಯುತ್ತಿದೆ.

ಚೂಟಿ


ಮಾರ್ಚ್ 18

ಚೂಟಿ ಮಗಳೇ,

ಭೇಷ್! ಇಷ್ಟು ಅಚ್ಚುಕಟ್ಟಾದ ವರದಿ ನಮ್ಮ ಲ್ಯಾಬಿನ ಹುಡುಗರಿಂದಲೂ ಬರುವುದಿಲ್ಲ. ಕಾಗದವನ್ನು ಚಹಾದ ಬಿಡುವಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ನೂಲು ಸುತ್ತುವವಳು ಎದ್ದು ನಿಂತು ಮೆರವಣಿಗೆಗೆ ಹೊರಟವಳಂತೆ ಎಲ್ಲರಿಗೂ ಕೈ ಬೀಸಿದಳು. ಇಸ್ತ್ರಿ ಅಕ್ಕ, "ಇರಬಹುದಪ್ಪಾ" ಎಂದಳು. ಅವಳ ಮುಖ ಮಾತ್ರ ಒಪ್ಪಿದಂತಿರಲಿಲ್ಲ. ಸೋತವರ ಮುಖ ಹಾಗೇ ಅಲ್ಲವೇ?

ನೋಡಿದೆಯಾ, ಸಾಹೇಬರೂ ಎಲೆಯ ಕಡೆಗೇ ವೋಟು ಹಾಕಿದ್ದಾರೆ! ಎಡಗಡೆ ಮೆತ್ತಗಾಯಿತು, ಅದಕ್ಕೇ ಅವರಿಗೆ ಅದೇ ಹಿಡಿಸಿತು. ಈಗ ಸಂಶಯವೇ ಇಲ್ಲ. ಬಟ್ಟೆ ತೆಗೆದು ಬಲಕ್ಕೂ ಎಲೆ ಇಡು. ಬಾಡಿದ ಕೂಡಲೇ ಬದಲಿಸುತ್ತಿರು, ಜಿಪುಣತನ ಬೇಡ. ಅದೂ ಮೆತ್ತಗಾದ ಮೇಲೆ ಸಾಹೇಬರು ತಾವಾಗಿಯೇ ಆ ಆಫೀಸಿಗೂ ಕಾಲಿಡುತ್ತಾರೆ.

ನೀನು ಮದುವೆಯಾಗಿ ಆ ಕಲ್ಲಿನ ಕಾಡಿಗೆ ಹೊರಟಾಗ, ನನ್ನ ಕೈಯಲ್ಲಿ ಇನ್ನು ನಿನಗಾಗಿ ಮಾಡುವಂಥದ್ದು ಏನೂ ಉಳಿದಿಲ್ಲ ಎಂದುಕೊಂಡಿದ್ದೆ. ಈ ಮುದುಕಿಯ ತಲೆ ಇನ್ನೂ ಕೆಲಸಕ್ಕೆ ಬರುತ್ತದೆ, ಅಲ್ಲವೇ?

ಬಲಗಡೆಯ ಮೂರನ್ನೂ ಬರೆ. ಬಣ್ಣ ಮರೆಯಬೇಡ.

ನಿನ್ನ ದೊಡ್ಡಮ್ಮ


ಮಾರ್ಚ್ 22 (ಪೋಸ್ಟ್ ಕಾರ್ಡು)

ದೊಡ್ಡಮ್ಮ,

ಎರಡೂ ಕಡೆ ಎಲೆ.

ಎಡ: ಮೆತ್ತಗಿದೆ.

ಬಲ: ಕಂಕುಳ ಕಡೆಗೆ ಒಂದು ಬಿಲ್ಲೆಯಷ್ಟು ಗಟ್ಟಿ, ಮುಟ್ಟಿದರೆ ಕಣ್ಣು ಕತ್ತಲೆ. ಬಣ್ಣ ಸುಟ್ಟ ಇಟ್ಟಿಗೆ, ಅಂಚಿಗೆ ಬರುತ್ತಾ ಗುಲಾಬಿ. ಮುಟ್ಟಿದರೆ ಬಿಸಿ.

ಮೈ ನಡುಗುತ್ತಿದೆ. ಇಲ್ಲಿ ಗಾಳಿ ಜಾಸ್ತಿ. ಎಲೆಯನ್ನು ಇನ್ನೂ ತಣ್ಣಗೆ ಮಾಡಿ ಇಡಲೇ?

ಚೂಟಿ


ಮಾರ್ಚ್ 25

(ಲಕೋಟೆಯ ಮೇಲೆ: ಯಾರ ಕೈಗೆ ಸಿಕ್ಕರೂ ಈಗಲೇ ಒಡೆದು ಓದಿ.)

ಚೂಟಿ, ಅದು ಗಾಳಿಯಲ್ಲ. ಎಲೆ ತೆಗೆದು ಬಿಸಾಡು. ಈ ಕಾಗದ ಸಿಕ್ಕ ಗಳಿಗೆಯಲ್ಲೇ ಡಾಕ್ಟರ ಹತ್ತಿರ ಹೊರಡು. ಲಾರಿ ಸಿಕ್ಕರೆ ಲಾರಿ, ಜೀಪು ಸಿಕ್ಕರೆ ಜೀಪು. ಕೆಂಪು, ಕಾವು, ನಡುಕ ಮೂರೂ ಸೇರಿದರೆ ಒಳಗೆ ಕೀವು ಕಟ್ಟುತ್ತಿರಬಹುದು, ಅದು ಎಲೆಗೂ ಬಟ್ಟೆಗೂ ದಕ್ಕುವ ಕೆಲಸವಲ್ಲ.

ಇಸ್ತ್ರಿ ಅಕ್ಕ ಅವತ್ತೇ ಹೇಳಿದ ಇನ್ನೊಂದು ಮಾತು ಇದು. "ಕೆಂಪಾಗಿ ಜ್ವರ ಬಂದ್ರೆ ಮನೆಮದ್ದು ಅಂತ ಕೂರಬಾರದು ಅಂತ ಅವಳಿಗೆ ಬರೀರಿ" ಎಂದಿದ್ದಳು. ನೀನು ಹೆದರಬಾರದೆಂದು ನಾನು ಬರೆಯಲಿಲ್ಲ. ಬೈಯುವುದಿದ್ದರೆ ಆಮೇಲೆ ಬೈ, ಮೊದಲು ಹೊರಡು.

ನಿನ್ನ ಕಾರ್ಡು ನೋಡಿದ ತಕ್ಷಣ ಮ್ಯಾನೇಜರ ಕೋಣೆಗೆ ನುಗ್ಗಿ ನಿಮ್ಮ ಗಣಿಯ ಆಫೀಸಿಗೆ ಫೋನು ಮಾಡಿದೆ. ಎತ್ತಿದವನು, "ಕ್ರೇನಿನವರ ಮನೆಯವರಿಗಾ? ಏನಂತ ಹೇಳ್ಲಿ?" ಎಂದ. "ಎದೆ ಕೆಂಪಾಗಿದೆ, ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು ಅಂತ ಹೇಳಪ್ಪಾ" ಎಂದೆ. ಆ ಕಡೆ ಒಂದು ನಗು ಕೇಳಿಸಿತು. "ಅಜ್ಜೀ, ಇಂಥದ್ದೆಲ್ಲಾ ಗಂಡಸರ ಹತ್ರ ಹೇಳಿ ಕಳಿಸೋದಾ?" ಎಂದು ಇಟ್ಟುಬಿಟ್ಟ. ಮತ್ತೆ ಮಾಡಿದರೆ ಲೈನ್ ಇಲ್ಲ. ಅವನು ನಿನ್ನ ಗಂಡನಿಗೆ ಹೇಳಿದನೋ ಇಲ್ಲವೋ ಗೊತ್ತಿಲ್ಲ.

ಈಗ ಕೇಳುತ್ತಿದ್ದೇನೆ, ಮೊದಲೇ ಕೇಳಬೇಕಿತ್ತು. ಮಗು ಬಲಗಡೆ ಕುಡಿಯುತ್ತಿದೆಯೇ? ಒಂದು ದಿನವಾದರೂ ಕುಡಿದಿದೆಯೇ?

ಕುಡಿಸುವುದನ್ನು ನಿಲ್ಲಿಸಬೇಡ. ಕಟ್ಟಬೇಡ, ತಿಕ್ಕಬೇಡ, ಬಿಸಿ ಇಡಬೇಡ.

ಅತ್ತಿಗೆಯವರೇ, ಈ ಕಾಗದ ನಿಮ್ಮ ಕೈಗೆ ಸಿಕ್ಕಿದ್ದರೆ, ಅವಳು "ಏನಿಲ್ಲ, ಸರಿಹೋಗುತ್ತೆ" ಎನ್ನುತ್ತಾಳೆ. ನಂಬಬೇಡಿ. ಎತ್ತಿಕೊಂಡಾದರೂ ಹೋಗಿ. ನಿಮ್ಮ ಬಾಚಣಿಗೆಯ ಬಗ್ಗೆ ನಾನು ಹಗುರವಾಗಿ ಮಾತಾಡಿದವಳು. ಆದರೂ ಕೇಳಿಕೊಳ್ಳುತ್ತಿದ್ದೇನೆ.

ದೊಡ್ಡಮ್ಮ


ಮಾರ್ಚ್ 30

ಚೂಟಿ,

ನಿನ್ನಿಂದ ಒಂದು ಗೆರೆಯೂ ಇಲ್ಲ.

ಬಸ್ ನಿಲ್ದಾಣಕ್ಕೆ ಹೋಗಿ ಬಂದೆ. ಬೆಟ್ಟದ ರಸ್ತೆ ಕುಸಿದಿದೆಯಂತೆ, ನಿಮ್ಮ ಕಡೆಗೆ ಬಸ್ಸು ಬಿಡುತ್ತಿಲ್ಲ. ರೇಷನ್ ಲಾರಿ ಸುತ್ತು ದಾರಿಯಲ್ಲಿ ಹೋಗುತ್ತದೆ, ಅದರ ಚಾಲಕನ ಮುಂದೆ ಕೈ ಒಡ್ಡಿ ನಿಂತೆ. "ಜನ ಹತ್ತಿಸಿದ್ರೆ ನನ್ನ ಕೆಲಸ ಹೋಗುತ್ತಮ್ಮಾ" ಎಂದ. ನಿನ್ನ ಮನೆಗೆ ಎಲೆಕೋಸು ಕೊಟ್ಟವನು ಅವನೇ ಇರಬೇಕು. "ಕ್ರೇನಿನವರ ಮನೆ? ಹೋದ ಸಲ ಬಾಗಿಲಿಗೆ ಬೀಗ ಇತ್ತು" ಎಂದ. ಬೀಗ ಎಂದರೆ ಆಸ್ಪತ್ರೆಗೆ ಹೋಗಿದ್ದೀರಿ ಎಂದುಕೊಳ್ಳುತ್ತೇನೆ. ಬೇರೆ ಏನನ್ನೂ ಎಂದುಕೊಳ್ಳಲಾರೆ.

ಕಾರ್ಖಾನೆಯಲ್ಲಿ ಇವತ್ತು ನೀಲಿಯ ಒಂದು ತೊಟ್ಟಿ ಕೆಡಿಸಿದೆ. ಬಣ್ಣದ ಮನೆಗೆ ಕಾಲಿಟ್ಟಂದಿನಿಂದ ಇಂಥದ್ದು ಆಗಿರಲಿಲ್ಲ. ಮೇಸ್ತ್ರಿ ಬೈಯಲಿಲ್ಲ, "ಮನೆಗೆ ಹೋಗಿ ಅಮ್ಮಾ" ಎಂದ. ಬೈದಿದ್ದರೆ ಚೆನ್ನಾಗಿತ್ತು. ಮನೆಯಲ್ಲಿ ಏನು ಮಾಡಲಿ? ನಿನ್ನ ಹಳೆಯ ಕಾಗದಗಳನ್ನು ಮತ್ತೆ ಮತ್ತೆ ಓದುತ್ತೇನೆ. ಎಡಗಡೆಯ ಆಫೀಸು ಎಂದು ನೀನು ಬರೆದದ್ದನ್ನು ನಾನು ಊರಿಗೆಲ್ಲ ಓದಿ ನಗಿಸಿದೆ. ನೀನು ನಗಿಸಲು ಬರೆದಿರಲಿಲ್ಲ, ಅಲ್ಲವೇ?

ನೂಲು ಸುತ್ತುವವಳು ನನ್ನ ಮುಂದೆ ಬರುವುದನ್ನೇ ಬಿಟ್ಟಿದ್ದಾಳೆ. ಇಸ್ತ್ರಿ ಅಕ್ಕ ಬಂದು ಪಕ್ಕದಲ್ಲಿ ಕೂರುತ್ತಾಳೆ.

ಒಂದು ಪದ ಬರೆ. ನೀನು ಬರೆಯಲಾಗದಿದ್ದರೆ ಯಾರಿಂದಲಾದರೂ ಬರೆಸು.

ದೊಡ್ಡಮ್ಮ


ಏಪ್ರಿಲ್ 2

ದೊಡ್ಡಮ್ಮ,

ಬದುಕಿದ್ದೇನೆ. ಮೊದಲು ಅದನ್ನು ಓದಿಕೊ, ಉಸಿರು ಬಿಡು, ಆಮೇಲೆ ಮುಂದಕ್ಕೆ ಹೋಗು. ಸಾಹೇಬರೂ ಇಲ್ಲೇ ಪಕ್ಕದಲ್ಲಿದ್ದಾರೆ.

ಬೆಟ್ಟದ ಆ ಕಡೆಯ ಆಸ್ಪತ್ರೆಯ ಹೆಂಗಸರ ವಾರ್ಡಿನಿಂದ ಬರೆಯುತ್ತಿದ್ದೇನೆ. ನಿನ್ನ ಲಕೋಟೆಯನ್ನು ಅತ್ತಿಗೆ ಒಡೆದರು. ನಾನು ಆಗ ಮೂರು ಕಂಬಳಿ ಹೊದ್ದು ಏನೇನೋ ಮಾತಾಡುತ್ತಿದ್ದೆನಂತೆ. ಎದ್ದಾಗ, ನೀನು ಬರೆದಿದ್ದ ಹಾಗೆಯೇ "ಏನಿಲ್ಲ, ಸರಿಹೋಗುತ್ತೆ" ಎಂದೆನಂತೆ. ಅತ್ತಿಗೆ, "ಬಾಯಿ ಮುಚ್ಚೇ, ನಿಮ್ಮ ದೊಡ್ಡಮ್ಮ ನಿನ್ನ ಮಾತನ್ನ ನಿನಗಿಂತ ಮೊದಲೇ ಬರೆದು ಕಳಿಸಿದ್ದಾರೆ" ಎಂದು ಬಂಡೆ ಸಿಡಿಸುವ ಸಾಮಾನು ಸಾಗಿಸುವ ಜೀಪಿನ ಮುಂದೆ ಹೋಗಿ ನಿಂತರಂತೆ. ಚಾಲಕ ಆಗಲ್ಲ ಎಂದದ್ದಕ್ಕೆ, "ಹಾಗಾದ್ರೆ ನನ್ನ ಮೇಲೆ ಹತ್ತಿಸ್ಕೊಂಡು ಹೋಗು" ಎಂದರಂತೆ. ಹಾಗೆ ಬಂದೆವು.

ಕೀವು ಕಟ್ಟಿತ್ತು. ಡಾಕ್ಟರು ಸೂಜಿ ಹಾಕಿ ತೆಗೆದರು. ಜ್ವರ ಇಳಿದಿದೆ, ಔಷಧಿ ನಡೆಯುತ್ತಿದೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಇಲ್ಲ. ಮಗು ಬಲಗಡೆ ಒಂದು ದಿನವೂ ಕುಡಿದಿರಲಿಲ್ಲ. ಹುಟ್ಟಿದಂದಿನಿಂದ ಹಾಗೇ. ಬಲಕ್ಕೆ ಹಾಕಿಕೊಂಡರೆ ಮೈ ಬಿಲ್ಲಿನ ಹಾಗೆ ಬಗ್ಗಿಸಿ ಕಿರುಚುತ್ತಿದ್ದ. ಹಿಂಡಿ ತೆಗೆಯೋಣವೆಂದರೆ ಆ ಕಡೆ ಕೈ ಇಡಲಾಗುತ್ತಿರಲಿಲ್ಲ. ಅತ್ತಿಗೆ ಒಮ್ಮೆ ತಮಾಷೆಗೆ, "ಅವನಿಗೆ ಅರ್ಧ ತಾಯಿ ಮಾತ್ರ ಒಪ್ಪಿಗೆ" ಎಂದರು. ಅದು ನನ್ನ ಒಳಗೆ ಮುಳ್ಳಾಗಿ ಕೂತಿತು. ನನ್ನದೇ ಮಗು ನನ್ನನ್ನು ಬೇಡ ಎನ್ನುತ್ತಿದೆ ಎಂದು ನಿನಗೆ ಹೇಗೆ ಬರೆಯಲಿ? ನೀನು ಮೂರೇ ಬರೆ ಎಂದದ್ದು ನನಗೆ ಅನುಕೂಲವಾಯಿತು. ಅದರ ಹಿಂದೆ ಅಡಗಿಕೊಂಡೆ.

ಎಡಗಡೆ ಇಳಿದದ್ದು ಎಲೆಯಿಂದಲ್ಲ ದೊಡ್ಡಮ್ಮ. ಮಗು ಕುಡಿದದ್ದರಿಂದ. ಬಲಗಡೆ ಉಳಿದದ್ದು ಬಟ್ಟೆಯಿಂದಲ್ಲ. ಮಗು ಕುಡಿಯದೆ ಇದ್ದದ್ದರಿಂದ. ನಿನ್ನ ಎರಡನೆಯ ಕಾಗದ ಬಂದಾಗಲೇ ನನಗೆ ಅನುಮಾನ ಇತ್ತು. ಆದರೆ ನೀನು ಅಷ್ಟು ಸಂತೋಷದಿಂದ ಬರೆದಿದ್ದೆ, ನಿನ್ನ ತಲೆ ಇನ್ನೂ ಕೆಲಸಕ್ಕೆ ಬರುತ್ತದೆ ಎಂದು. ಆ ಸಾಲನ್ನು ಓದಿದ ಮೇಲೆ ನನ್ನ ಕೈಯಲ್ಲಿ ಬೇರೆ ಬರೆಯಲಾಗಲಿಲ್ಲ. ಇಲ್ಲಿ ಮಲಗಿ ಅದಕ್ಕಾಗಿ ನಿನ್ನ ಮೇಲೆ ಸಿಟ್ಟೂ ಮಾಡಿಕೊಂಡೆ. ನಾನು ಜ್ವರದಲ್ಲಿ ನಿನ್ನ ಮನಸ್ಸನ್ನು ಕಾಪಾಡಬೇಕಿತ್ತೇ?

ಇಲ್ಲಿನ ಡಾಕ್ಟರು ಮಗುವನ್ನು ಮಲಗಿಸಿ ಕುತ್ತಿಗೆ ತಿರುಗಿಸಿ ನೋಡಿದರು. "ತಾಯಿ ಬೇಡ ಅಂತಲ್ಲಮ್ಮ. ಕತ್ತಿನ ಒಂದು ಪಕ್ಕ ಬಿಗಿದಿದೆ. ಆ ಕಡೆ ತಿರುಗಿಸಿದ್ರೆ ಅವನಿಗೆ ನೋವು. ದಿನಾ ಸ್ವಲ್ಪ ಸ್ವಲ್ಪ ಸಡಿಲ ಮಾಡೋದನ್ನ ಕಲಿಸ್ತೀವಿ" ಎಂದರು. ನಾನು ವಾರ್ಡಿಗೆಲ್ಲ ಕೇಳಿಸುವಂತೆ ಅತ್ತೆ. ಅತ್ತಿಗೆಯೂ ಅತ್ತರು.

ಅವನ ಮಗ್ಗುಲು ಬದಲಿಸದೆ, ಎಡಕ್ಕೆ ಹಾಕಿದ ಹಾಗೆಯೇ ಬಲಕ್ಕೆ ಸರಿಸಿ, ಅವನ ಕಾಲು ನನ್ನ ಬಲಗಂಕುಳ ಕೆಳಗಿಂದ ಹಿಂದಕ್ಕೆ ಹೋಗುವಂತೆ ಹಿಡಿಯಬೇಕೆಂದು ನರ್ಸು ತೋರಿಸಿದರು. ಕಂಕುಳಲ್ಲಿ ಛತ್ರಿ ಇಟ್ಟುಕೊಂಡ ಹಾಗೆ. ನೆನ್ನೆಯಿಂದ ಪ್ರಯತ್ನಿಸುತ್ತಿದ್ದೇನೆ. ಮೂತಿ ಇಡುತ್ತಾನೆ, ಬಿಟ್ಟುಬಿಡುತ್ತಾನೆ. ಕೈಯಿಂದ ಮೆಲ್ಲಗೆ ಹಿಂಡಿ ಚಮಚದಲ್ಲಿ ಕುಡಿಸುತ್ತಿದ್ದೇನೆ, ಒಂದೊಂದು ಸಲ ತಳ ಒದ್ದೆಯಾಗುವಷ್ಟೇ ಬರುತ್ತದೆ. ಆ ಕಡೆ ಮಗು ಹಿಡಿಯದಿದ್ದರೆ ಹಾಲು ಅಲ್ಲೇ ಬತ್ತಬಹುದು, ಇಲ್ಲವೇ ಮತ್ತೆ ಕಟ್ಟಬಹುದು. ಎಡಗಡೆಯದೊಂದೇ ಈ ಸಣ್ಣ ಜೀವಕ್ಕೆ ಸಾಕಾಗುತ್ತದೋ ಇಲ್ಲವೋ, ತೂಕ ನೋಡಿ ಹೇಳುತ್ತಾರಂತೆ. ಅತ್ತಿಗೆ, "ಬಿಡೇ ಅದನ್ನ, ಒಣಗಿಸ್ಕೋ, ನೀನು ಉಳಿದ್ರೆ ಸಾಕು" ಎನ್ನುತ್ತಾರೆ. ನನಗೆ ಬಿಡಲು ಮನಸ್ಸಿಲ್ಲ.

ಏನು ಮಾಡಲಿ ಎಂದು ಈ ಸಲ ನಿನ್ನನ್ನು ಕೇಳುತ್ತಿಲ್ಲ. ಹೇಳಬೇಡ. ಕೇಳು, ಅಷ್ಟೇ.

ಚೂಟಿ


ಏಪ್ರಿಲ್ 6

ಚೂಟಿ ಮಗಳೇ,

ಕೇಳುತ್ತಿದ್ದೇನೆ.

ನೀನು ಎದ್ದು ಕೂರುತ್ತೀಯಾ, ಮಲಗಿಯೇ ಇರುತ್ತೀಯಾ? ಸೂಜಿ ಹಾಕಿದ ಕಡೆ ನೋವು ಹೇಗಿದೆ? ಹಾಸಿಗೆ ಕಿಟಕಿಯ ಹತ್ತಿರ ಇದೆಯೇ? ಊಟ ಸೇರುತ್ತದೆಯೇ? ಪಕ್ಕದ ಹಾಸಿಗೆಯಲ್ಲಿ ಯಾರಿದ್ದಾರೆ, ಮಾತಾಡುತ್ತಾರೋ ಗೊರಕೆ ಹೊಡೆಯುತ್ತಾರೋ? ನಿನ್ನ ಗಂಡನಿಗೆ ರಜೆ ಕೊಟ್ಟರೇ? ಮಗುವನ್ನು ಕಂಕುಳಲ್ಲಿ ಹಿಡಿದಾಗ ನಿನ್ನ ಕೈ ಸೋಲುತ್ತದೆಯೇ? ಆಗ

(ಇಲ್ಲಿ ಎರಡು ಸಾಲು ಹೊಡೆದು ಹಾಕಿದ್ದೇನೆ. ದಿಂಬಿನ ಬಗ್ಗೆ ಒಂದು ಉಪಾಯ. ಬೆಳಕಿಗೆ ಹಿಡಿದು ಓದಲು ಹೋಗಬೇಡ.)

ಅತ್ತಿಗೆಯವರು ಹೇಗಿದ್ದಾರೆ? ಜೀಪಿನ ಮುಂದೆ ನಿಂತ ಹೆಂಗಸನ್ನು ನಾನು ಒಂದು ಬಾಚಣಿಗೆಯಿಂದ ಅಳೆದೆ. ಅವರಿಗೆ ಬೇರೆ ಕಾಗದ ಬರೆದಿದ್ದೇನೆ, ಇದರ ಜೊತೆಗೇ ಇದೆ. ಅದನ್ನು ನೀನು ಓದಬೇಡ.

ನೀನು ಸಿಟ್ಟು ಮಾಡಿಕೊಂಡದ್ದು ಸರಿ. ಒಂದೇ ಥಾನಿನ ಎರಡು ತುಂಡು ಎಂದು ಬರೆದೆನಲ್ಲ, ನಿನ್ನ ಮೈಯನ್ನು ಹಾಗೆ ಕಂಡೆ. ಎರಡು ಕಡೆಯೂ ಒಂದೇ ಎಂದು ನನಗೆ ಯಾರು ಹೇಳಿದ್ದರು? ಒಂದು ಕಡೆ ಮಗು ಇತ್ತು, ಇನ್ನೊಂದು ಕಡೆ ಇರಲಿಲ್ಲ. ಇಷ್ಟು ದೊಡ್ಡ ವ್ಯತ್ಯಾಸ ಬಿಟ್ಟು ಎಲೆಯನ್ನೂ ಬಟ್ಟೆಯನ್ನೂ ಹಿಡಿದುಕೊಂಡು ಕೂತೆ. ಇಸ್ತ್ರಿ ಅಕ್ಕನಿಗೆ ನಿನ್ನ ಕಾಗದ ತೋರಿಸಿದೆ. "ನನ್ನ ಬಟ್ಟೇನೂ ಗೆಲ್ಲಲಿಲ್ಲ, ಅವಳ ಎಲೇನೂ ಗೆಲ್ಲಲಿಲ್ಲ. ಊತಕ್ಕೆ ಎರಡೂ ತಂಪೇ ತಾನೇ. ಮಗು ಕುಡೀಬೇಕು, ಅಷ್ಟೇ" ಎಂದಳು. ನಾನು ಹೂಂ ಎಂದೆ. ಎಲೆ ಊತಕ್ಕೆ ಒಳ್ಳೆಯದೋ ಅಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿಲ್ಲ ಎಂದು ಬರೆಯುವುದು ಇಷ್ಟು ಸುಲಭ ಎಂದೂ ಗೊತ್ತಿರಲಿಲ್ಲ.

ನನ್ನ ಮನಸ್ಸನ್ನು ಕಾಪಾಡುವ ಕೆಲಸ ನಿನ್ನದಲ್ಲ. ನಾನು ಗಟ್ಟಿ ಹೆಂಗಸು, ಬೈಸಿಕೊಂಡರೂ ಊಟ ಬಿಡುವುದಿಲ್ಲ.

ಬಲಗಡೆಯನ್ನು ಉಳಿಸಿಕೊಳ್ಳುವುದೋ ಬಿಡುವುದೋ, ನಿನ್ನ ಮೈ, ನಿನ್ನ ಮಗು. ಹಿಡಿದುಕೊಂಡರೂ ನೀನು ಅವನ ತಾಯಿ, ಬಿಟ್ಟರೂ ಪೂರ್ತಿ ತಾಯಿಯೇ. ಇದು ಸಲಹೆಯಲ್ಲ, ಆದ್ದರಿಂದ ಹೊಡೆದು ಹಾಕುವುದಿಲ್ಲ.

ನಿನಗೆ ಹೆದರಿಕೆಯಾಗುತ್ತಿದೆಯೇ? ಹಿಂದಿನಂತೆ ಮೂರು ಬೇಡ, ಇದೊಂದಕ್ಕೆ ಉತ್ತರ ಬರೆದರೂ ಸಾಕು.

ದೊಡ್ಡಮ್ಮ


ಏಪ್ರಿಲ್ 12

ದೊಡ್ಡಮ್ಮ,

ಹೆದರಿಕೆಯಾಗುತ್ತಿತ್ತು. ತುಂಬಾ. ಮಗುವನ್ನು ತೂಕದ ತಟ್ಟೆಯ ಮೇಲೆ ಇಡುವಾಗಲೆಲ್ಲ ನಾನು ಗೋಡೆಯ ಕಡೆ ತಿರುಗಿ ನಿಲ್ಲುತ್ತಿದ್ದೆ, ಅತ್ತಿಗೆಯೇ ಮುಳ್ಳು ನೋಡಿ ಹೇಳುತ್ತಿದ್ದರು. ಒಮ್ಮೆ ಇಳಿದಿತ್ತು. ಅವತ್ತು ಅವರು ನನಗೆ ಹೇಳಲಿಲ್ಲ, ಮುಖ ನೋಡಿ ಗೊತ್ತಾಯಿತು. "ಇನ್ನು ಮೇಲೆ ಮುಚ್ಚಿಡಬೇಡಿ, ನಮ್ಮ ಮನೇಲಿ ಆ ರೋಗ ಆಗಲೇ ಒಬ್ಬರಿಗಿದೆ" ಎಂದೆ. "ಯಾರಿಗೆ, ನಿಮ್ಮ ದೊಡ್ಡಮ್ಮನಿಗಾ, ನಿನಗಾ?" ಎಂದು ಅತ್ತಿಗೆ ಕೇಳಿದರು. ಇಬ್ಬರಿಗೂ ಎಂದೆ.

ನಿನ್ನ ಪ್ರಶ್ನೆಗಳಿಗೆ ಸಾಲಾಗಿ ಉತ್ತರ: ಕೂರುತ್ತೇನೆ. ನೋವು ಇಳಿಯುತ್ತಿದೆ. ಹಾಸಿಗೆ ಬಾಗಿಲ ಹತ್ತಿರ, ಬಂದು ಹೋಗುವವರೆಲ್ಲ ಮಗುವಿನ ಪಾದ ಮುಟ್ಟಿ ಹೋಗುತ್ತಾರೆ. ಊಟ ಸೇರುತ್ತದೆ. ಪಕ್ಕದವಳು ಮಾತೂ ಆಡುತ್ತಾಳೆ, ಗೊರಕೆಯೂ ಹೊಡೆಯುತ್ತಾಳೆ, ಕೆಲವು ಸಲ ಎರಡನ್ನೂ ಒಟ್ಟಿಗೆ. ನಿನ್ನ ಅಳಿಯ ಸಂಜೆ ಬರುತ್ತಾರೆ. ಫೋನಿನಲ್ಲಿ ನಕ್ಕವನು ಅವರಿಗೆ ಏನೂ ಹೇಳಿರಲಿಲ್ಲ, ಈಗ ಅವರ ಕಣ್ಣಿಗೆ ಬೀಳದಂತೆ ಓಡಾಡುತ್ತಿದ್ದಾನಂತೆ. ಅತ್ತಿಗೆ ನಿನ್ನ ಕಾಗದವನ್ನು ಮಡಿಸಿ ಎಲ್ಲೋ ಇಟ್ಟುಕೊಂಡಿದ್ದಾರೆ, ಏನಿದೆ ಎಂದು ಕೇಳಿದರೆ, "ಅದು ದೊಡ್ಡವರ ವಿಷಯ" ಎನ್ನುತ್ತಾರೆ.

ಬಿಡಲಿಲ್ಲ. ಒಣಗಿಸಿಕೊಳ್ಳುವುದೇ ಸರಿ ಎಂದು ಒಂದು ಬೆಳಿಗ್ಗೆ ತೀರ್ಮಾನ ಮಾಡಿಯೂ ಬಿಟ್ಟಿದ್ದೆ. ಡಾಕ್ಟರು ಬರುವ ತನಕ ಇನ್ನೊಂದು ಸಲ ಎಂದು ಬಲಕ್ಕೆ ಸರಿಸಿಕೊಂಡೆ. ಅತ್ತಿಗೆ ನನ್ನ ಬೆನ್ನ ಹಿಂದೆ ಕೂತು ಅವನ ಕಾಲು ಹಿಡಿದುಕೊಂಡು, "ಸಾಹೇಬ್ರೇ, ಹೊಸ ಆಫೀಸು, ಒಂದು ಸಹಿ ಹಾಕಿ ಹೋಗಿ" ಎಂದರು. ಮೂತಿ ಇಟ್ಟ. ಬಿಟ್ಟ. ಇಟ್ಟ. ಅವನ ಗಂಟಲಿನಿಂದ ಗುಟುಕ್ ಎಂದು ಸಣ್ಣ ಸದ್ದು ಬಂತು, ಆಮೇಲೆ ಇನ್ನೊಂದು.

ಎಡಗಡೆಯಷ್ಟು ಇಲ್ಲ. ಇನ್ನು ಮೇಲೂ ಅಷ್ಟು ಆಗದಿರಬಹುದು ಎಂದು ಡಾಕ್ಟರು ಹೇಳಿದ್ದಾರೆ. ತೂಕದ ಮುಳ್ಳು ಮಾತ್ರ ಮೇಲಕ್ಕೆ ಹೊರಟಿದೆ, ನೆನ್ನೆ ನಾನೇ ತಿರುಗಿ ನೋಡಿದೆ.

ರಸ್ತೆ ಸರಿಯಾಗಿದೆಯಂತೆ. ಬಾ ದೊಡ್ಡಮ್ಮ. ಎಲೆ, ಬಟ್ಟೆ, ಉಪಾಯ ಯಾವುದನ್ನೂ ಕಟ್ಟಿಕೊಂಡು ಬರಬೇಡ. ಎರಡು ಕೈ ಖಾಲಿ ಇರಲಿ, ಇವನನ್ನು ಎತ್ತಿಕೊಳ್ಳಬೇಕು.

ಅಕ್ಷರ ಸೊಟ್ಟಗಿದ್ದರೆ ಗಾಬರಿಯಾಗಬೇಡ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈಯಲ್ಲಿ ಸಾಹೇಬರಿದ್ದಾರೆ, ಕುಡಿಯುತ್ತಾ ಇದ್ದಾರೆ. ಬಿಟ್ಟ ಕೂಡಲೇ ಕಾಗದ ಮುಗಿಸೋಣ ಎಂದುಕೊಂಡಿದ್ದೆ. ಬಿಡುತ್ತಲೇ ಇಲ್ಲ.

ಚೂಟಿ